ಬ್ರೇಕ್ ತುಳಿದರೆ ಇಂಡಿಕೇಟರ್ ಹೊತ್ತುವ ಕಾರವಾನ್: ಟೋ ಸಾಕೆಟ್ ರಿಪೇರಿಯ ನನ್ನ ಅನುಭವ

ಬ್ರೇಕ್ ತುಳಿದಾಗ ಕಾರವಾನಿನ (ಕಾರಿನ ಹಿಂದೆ ಎಳೆದುಕೊಂಡು ಹೋಗುವ ಮನೆಗಾಡಿ) ಇಂಡಿಕೇಟರ್ ಮಂಕಾಗಿ ಹೊತ್ತಿಕೊಂಡರೆ, ಇಲ್ಲವೇ ಎಡ ಇಂಡಿಕೇಟರ್ ಹಾಕಿದಾಗ ಪಾರ್ಕಿಂಗ್ ಲೈಟೂ ಅದರ ಜೊತೆ ಮಿಟುಕಿದರೆ, ನಾನು ಬಲ್ಬು ಬಿಚ್ಚಲು ಹೋಗುವುದಿಲ್ಲ. ಅದು ಅರ್ತ್, ಅಂದರೆ ಕರೆಂಟು ವಾಪಸ್ ಹೋಗುವ ವೈರಿನ ತೊಂದರೆ. ವಾಪಸ್ ಹೋಗಲು ದಾರಿ ಸಿಗದ ಬ್ರೇಕಿನ ಕರೆಂಟು, ಪಕ್ಕದ ಪಾರ್ಕಿಂಗ್ ಬಲ್ಬಿನ ಫಿಲಮೆಂಟ್ ದಾಟಿ, ಅದರ ವೈರಿನಲ್ಲೇ ಕಾರಿಗೆ ಹಿಂತಿರುಗಿ, ಕಾರಿನ ಬಲ್ಬುಗಳ ಮೂಲಕ ಬಾಡಿ ಸೇರುತ್ತದೆ. ಹಾಗಾಗಿ ಎಲ್ಲವೂ ಅರ್ಧಂಬರ್ಧ ಉರಿಯುತ್ತವೆ.

ಮೊದಲು ಪಿನ್ ಲೆಕ್ಕ. ಕಾರವಾನಿನ ದೀಪಗಳಿಗೆ ಕಾರಿನಿಂದ ಕರೆಂಟು ಕೊಡುವ 7 ಪಿನ್ನಿನ 12 ಎನ್ ಸಾಕೆಟ್ಟಿನಲ್ಲಿ 1 ಎಡ ಇಂಡಿಕೇಟರ್, 2 ಹಿಂದಿನ ಫಾಗ್ ಲೈಟ್, 3 ಅರ್ತ್, 4 ಬಲ ಇಂಡಿಕೇಟರ್, 5 ಬಲ ಪಾರ್ಕಿಂಗ್, 6 ಬ್ರೇಕ್, ನಟ್ಟನಡುವಿನ 7 ಎಡ ಪಾರ್ಕಿಂಗ್. ಬಣ್ಣಗಳು ಕ್ರಮವಾಗಿ ಹಳದಿ, ನೀಲಿ, ಬಿಳಿ, ಹಸಿರು, ಕಂದು, ಕೆಂಪು, ಕಪ್ಪು. ಆದರೆ ಹೊರಗಡೆ ವೈರಿಂಗ್ ಮಾಡಿಸಿದ ಗಾಡಿಯಲ್ಲಿ ಬಣ್ಣ ನಂಬಬೇಡಿ. ಕೈಗೆ ಸಿಕ್ಕಿದ ವೈರ್ ಹಾಕಿರುತ್ತಾರೆ. ಪಿನ್ನಿನ ಪಕ್ಕ ಪ್ಲಾಸ್ಟಿಕ್ಕಿನಲ್ಲಿ ಮೂಡಿಸಿರುವ ಸಂಖ್ಯೆಯನ್ನೇ ನೋಡಿ. ಸಾಕೆಟ್ಟನ್ನು ಮುಂದಿನಿಂದ ನೋಡಿದಾಗಿನ ಕ್ರಮ ಹಿಂದಿನಿಂದ ನೋಡಿದರೆ ತಿರುಗುಮುರುಗು. ಎಡಬಲ ಅದಲುಬದಲಾಗುವುದು ಹೆಚ್ಚಾಗಿ ಇಲ್ಲೇ.

ಉಪಕರಣ ಜಾಸ್ತಿ ಬೇಡ. ಒಂದು ಮಲ್ಟಿಮೀಟರ್, ಹೋಲ್ಡರಿಗೆ ಹಾಕಿದ 21 ವ್ಯಾಟ್ ಮತ್ತು 5 ವ್ಯಾಟ್ ಬಲ್ಬು ಒಂದೊಂದು, ಕ್ರಾಕಡೈಲ್ ಕ್ಲಿಪ್ಪು, 6 ಮೀಟರ್ ದಪ್ಪ ವೈರ್, ಜೊತೆಗೆ ಯುಪಿಎಸ್‌ನಿಂದ ತೆಗೆದ 12 ವೋಲ್ಟ್ 7 ಎಎಚ್ ಬ್ಯಾಟರಿ. ಬಲ್ಬು, ಹೋಲ್ಡರ್, ಲಗ್ (ವೈರಿನ ತುದಿಗೆ ಹಾಕುವ ಲೋಹದ ಬಳೆ) ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ, ಮೀಟರ್, ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ವೈರನ್ನು ಬಿಗಿಯುವ ಕೊಳವೆ) ಎಸ್.ಪಿ. ರಸ್ತೆಯಲ್ಲೂ ಸಿಗುತ್ತವೆ.

ಬರೀ ಮೀಟರಿನಿಂದ ಈ ಕೆಲಸ ಆಗುವುದಿಲ್ಲ. ಸಾಕೆಟ್ ಬಿಚ್ಚಿ 6ನೇ ಪಿನ್ನಿನ ಸ್ಕ್ರೂ ಹತ್ತಿರ ಕಣ್ಣಿಟ್ಟು ನೋಡಿ. ವೈರಿನ ಎಳೆಗಳೆಲ್ಲ ಸ್ಕ್ರೂ ಒತ್ತಿಗೆ ತುಂಡಾಗಿ, ಹಸಿರು ಕಿಲುಬು ಹಿಡಿದ ಎರಡೋ ಮೂರೋ ಎಳೆ ಮಾತ್ರ ಉಳಿದಿರುತ್ತವೆ. ಮೀಟರ್ ಇಟ್ಟರೆ 12.4 ವೋಲ್ಟ್ ತೋರಿಸುತ್ತದೆ, ಏಕೆಂದರೆ ಅದು ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. 21 ವ್ಯಾಟ್ ಬಲ್ಬು ಸುಮಾರು 1.75 ಆಂಪ್ ಕೇಳುತ್ತದೆ. ಅಲ್ಲಿ ಬಣ್ಣ ಬಯಲಾಗುತ್ತದೆ. ಅದಕ್ಕೇ ಬಲ್ಬು ಉರಿಯುತ್ತಿರುವಾಗಲೇ ವೋಲ್ಟೇಜ್ ಅಳೆಯುತ್ತೇನೆ.

ಕಾರವಾನ್ ಪ್ಲಗ್ ತೆಗೆದು ಮೊದಲು ಕಾರಿನ ಕಡೆ ನೋಡಿ. ಟೆಸ್ಟ್ ಬಲ್ಬಿನ ಒಂದು ಕ್ಲಿಪ್ಪು 3ನೇ ಪಿನ್ನಿಗೇ ಹಾಕಬೇಕು, ಕಾರವಾನ್ ಎಳೆಯುವ ಕಬ್ಬಿಣದ ಟೋ ಬಾರಿಗಲ್ಲ. ಟೋ ಬಾರಿಗೆ ಹಾಕಿದರೆ ಯಾವ ಅರ್ತ್ ವೈರನ್ನು ಹುಡುಕಬೇಕೋ ಅದನ್ನೇ ಬಿಟ್ಟು ಪರೀಕ್ಷೆ ಮಾಡಿದಂತೆ. 3ನೇ ಪಿನ್ನಿನಲ್ಲಿ ಮಂಕು, ಬಾಡಿಗೆ ಇಟ್ಟರೆ ಪ್ರಕಾಶ ಎಂದಾದರೆ ಸಾಕೆಟ್ಟಿನ ಬಿಳಿ ವೈರ್ ಅಥವಾ ಅದನ್ನು ಡಿಕ್ಕಿಯೊಳಗೆ ಬಿಗಿದ ಲಗ್ ಕೆಟ್ಟಿದೆ. ಖಚಿತ ಮಾಡಿಕೊಳ್ಳಲು ಬಲ್ಬು ಉರಿಯುವಾಗ ಬ್ಯಾಟರಿ ನೆಗೆಟಿವ್ ಮತ್ತು 3ನೇ ಪಿನ್ ನಡುವೆ ಅಳೆಯಿರಿ. 0.2 ವೋಲ್ಟಿನೊಳಗಿದ್ದರೆ ಸರಿ, 0.5 ದಾಟಿದರೆ ಕೈ ಹಾಕಲೇಬೇಕು. ಪೇಂಟಿನ ಮೇಲೆಯೇ ಲಗ್ ಬಿಗಿದಿರುವುದು ಮಾಮೂಲು ಕಾರಣ. ಉಪ್ಪುಕಾಗದದಲ್ಲಿ ತಗಡು ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಬಳಿಯಿರಿ.

ಪಾರ್ಕಿಂಗ್ ಪಿನ್ನಿಗೆ ಮಾತ್ರ 5 ವ್ಯಾಟ್ ಬಲ್ಬೇ ಇಡಿ. ಈಚಿನ ಕಾರುಗಳಲ್ಲಿ ದೀಪಗಳನ್ನು ಕಂಟ್ರೋಲ್ ಮಾಡ್ಯೂಲ್ ನಡೆಸುತ್ತದೆ, ಹೆಚ್ಚು ಲೋಡ್ ಕಂಡರೆ ಆ ಸರ್ಕ್ಯೂಟನ್ನೇ ಆಫ್ ಮಾಡಬಹುದು. ಇದೇ ಮಾಡ್ಯೂಲ್ ಬಲ್ಬು ಇದೆಯೋ ಇಲ್ಲವೋ ನೋಡಲು ಸಣ್ಣ ಪಲ್ಸ್ ಕಳಿಸುವುದರಿಂದ ಕಾರವಾನಿನ ಎಲ್‌ಇಡಿ ಸುಮ್ಮಸುಮ್ಮನೆ ಮಿನುಗುತ್ತದೆ. ಅದು ಫಾಲ್ಟ್ ಅಲ್ಲ, ಟೋ ಸಾಕೆಟ್ಟಿಗೆ ಬ್ಯಾಟರಿಯಿಂದ ಬೇರೆಯೇ ಕರೆಂಟು ಕೊಡುವ ಬೈಪಾಸ್ ರಿಲೇ ಹಾಕಿದರೆ ನಿಲ್ಲುತ್ತದೆ. ಟೇಲ್ ಲ್ಯಾಂಪ್ ವೈರ್ ಸುಲಿದು ನೇರವಾಗಿ ಜೋಡಿಸುವ ಹಳೇ ಪದ್ಧತಿಯನ್ನು ಇಂಥ ಕಾರಿನಲ್ಲಿ ಮಾಡಲೇಬಾರದು.

ಕಾರು ಸರಿಯಿದ್ದರೆ ಕಾರವಾನ್. ಯುಪಿಎಸ್ ಬ್ಯಾಟರಿಯ ನೆಗೆಟಿವ್ ಪ್ಲಗ್ಗಿನ 3ಕ್ಕೆ, ಪಾಸಿಟಿವ್ 5 ಆಂಪ್ ಫ್ಯೂಸಿನ ಮೂಲಕ ಒಂದೊಂದೇ ಪಿನ್ನಿಗೆ. ಎರಡು ಬ್ರೇಕ್ ಬಲ್ಬು ಸೇರಿ ಸುಮಾರು 3.5 ಆಂಪ್ ಎಳೆಯಬೇಕು. ಬಲ್ಬು ಸರಿಯಿದ್ದೂ 2 ಆಂಪ್ ಅಷ್ಟೇ ಬಂದರೆ ದಾರಿಯಲ್ಲೆಲ್ಲೋ ಕಿಲುಬಿದೆ. ಆ 6 ಮೀಟರ್ ವೈರಿನಿಂದ ಬ್ಯಾಟರಿ ನೆಗೆಟಿವನ್ನು ಹಿಂದಿನ ದೀಪದ ಅರ್ತಿಗೆ ನೇರ ಮುಟ್ಟಿಸಿ ನೋಡಿ, ಆಗ ಎಲ್ಲ ಸರಿಹೋದರೆ ಮಧ್ಯದ ಅರ್ತ್ ವೈರ್ ಬದಲಿಸಿ. ಪ್ಲಗ್ಗಿನ ಸೀಳಿರುವ ಹಿತ್ತಾಳೆ ಪಿನ್ ಸಡಿಲವಾಗಿದ್ದರೆ ಚಾಕುವಿನ ತುದಿಯಿಂದ ಸೀಳನ್ನು ಕೂದಲೆಳೆಯಷ್ಟು ಅಗಲಿಸಿದರೆ ಸಾಕು.

ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕಬೇಡಿ, ವೈರ್ ಹೊತ್ತಿಕೊಳ್ಳುತ್ತದೆ. ಆ ಸರ್ಕ್ಯೂಟಿನ ಬಲ್ಬುಗಳನ್ನೆಲ್ಲ ತೆಗೆದು, ಯುಪಿಎಸ್ ಬ್ಯಾಟರಿಯ ಫ್ಯೂಸ್ ಜಾಗದಲ್ಲಿ 21 ವ್ಯಾಟ್ ಬಲ್ಬು ಜೋಡಿಸಿ. ಶಾರ್ಟ್ ಇರುವವರೆಗೆ ಅದು ಪೂರ್ತಿ ಉರಿಯುತ್ತದೆ. ಕೇಬಲ್ಲನ್ನು ಗೇಣುಗೇಣಾಗಿ ಅಲುಗಾಡಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಆರುತ್ತದೆ. ನಮ್ಮೂರಿನ ಹಂಪುಗಳ ಮೇಲೆ ಹಿಚ್ (ಕಾರು, ಕಾರವಾನ್ ಕೂಡುವ ಕೊಂಡಿ) ಕೆಳಗಿಳಿದು ಕೇಬಲ್ ರಸ್ತೆಗೆ ಉಜ್ಜುವ ಜಾಗ ಮೊದಲ ಅನುಮಾನ, ಕಾರವಾನಿನ ಮೂತಿಗೆ ಆಸರೆಯಾಗುವ ಸಣ್ಣ ಗಾಲಿಯ (ಜಾಕಿ ವೀಲ್) ಕ್ಲಾಂಪು ಎರಡನೆಯದು.

ಫ್ರಿಜ್ ತಣ್ಣಗಾಗದಿರುವುದು ಬೇರೆ ಲೆಕ್ಕ. 13 ಪಿನ್ನಿನ ಸಾಕೆಟ್ಟಿನಲ್ಲಿ 9ನೇ ಪಿನ್ ಸದಾ ಇರುವ ಕರೆಂಟು, 10 ಇಗ್ನಿಷನ್ ಆನ್ ಆದಾಗ ಮಾತ್ರ. 13 ಮತ್ತು 11 ಕ್ರಮವಾಗಿ ಇವುಗಳ ಅರ್ತ್. ಈ ಎರಡು ಅರ್ತನ್ನು ಕಾರವಾನ್ ಕಡೆ ಸೇರಿಸಬಾರದು. 120 ವ್ಯಾಟ್ ಫ್ರಿಜ್ಜಿಗೆ 10 ಆಂಪ್ ಬೇಕು. ಹೋಗಿ ಬರುವ 14 ಮೀಟರ್ ದೂರಕ್ಕೆ 1.5 ಚದರ ಮಿ.ಮೀ. ವೈರಿನಲ್ಲಿ ಸುಮಾರು 1.7 ವೋಲ್ಟ್ ಕಳೆದುಹೋಗುತ್ತದೆ, 2.5ರಲ್ಲಿ 1 ವೋಲ್ಟ್. ಆಲ್ಟರ್ನೇಟರ್ ತಾನೇ ವೋಲ್ಟೇಜ್ ಇಳಿಸುವ ಕಾರಾದರೆ ಕಾರವಾನ್ ಬ್ಯಾಟರಿಗೆ ದಪ್ಪ ವೈರೂ ಸಾಲದು, ವೋಲ್ಟೇಜ್ ಏರಿಸಿ ಕೊಡುವ ಡಿಸಿ-ಡಿಸಿ ಚಾರ್ಜರ್ ಹಾಕಿಸಿ.

ಜೋಡಣೆಗಳಿಗೆಲ್ಲ ಕ್ರಿಂಪ್ (ಒತ್ತಿ ಕೂಡಿಸುವ ಲೋಹದ ತುಣುಕು) ಮತ್ತು ಅಂಟಿರುವ ಹೀಟ್ ಶ್ರಿಂಕ್, ಕಪ್ಪು ಟೇಪ್ ಅಲ್ಲ. ಟೇಪ್ ಬಿಸಿಲಿಗೆ ಬಿಚ್ಚಿಕೊಂಡು ಮಳೆಗಾಲಕ್ಕೆ ನೀರು ಕುಡಿಯುತ್ತದೆ. ಸಾಕೆಟ್ ಮುಚ್ಚಳದ ಸ್ಪ್ರಿಂಗ್ ಹೋಗಿದ್ದರೆ ಸಾಕೆಟ್ಟನ್ನೇ ಬದಲಿಸಿ, ಪ್ಲಗ್ಗನ್ನು ಬಾಯಿ ಕೆಳಗೆ ಮಾಡಿ ನೇತುಹಾಕಿ.