ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ನನ್ನ ಪುಟ್ಟ ವೈನ್ ಸಂಗ್ರಹ

ವೈನ್ ಕೂಡಿಡೋಕೆ ಶುರುಮಾಡಿದಾಗ ನಾನು ಮೊದಲು ಖರ್ಚು ಮಾಡಿದ್ದು ಒಂದು ಥರ್ಮಾಮೀಟರ್‌ಗೆ. ದಿನದ ಅತಿ ಹೆಚ್ಚು, ಅತಿ ಕಡಿಮೆ ಉಷ್ಣಾಂಶ ಎರಡನ್ನೂ ತೋರಿಸುವಂಥದ್ದು. ಏಪ್ರಿಲ್‌ನಲ್ಲಿ ಅದನ್ನು ಮನೆಯ ಮೂಲೆಮೂಲೆಯಲ್ಲೂ ಇಟ್ಟು ನೋಡಿದೆ. ಅಡುಗೆಮನೆಯ ಅಟ್ಟ 34 ಡಿಗ್ರಿ ಮುಟ್ಟಿತು. ಚೆಂದಕ್ಕೆ ಅಂತ ಹಾಲ್‌ನಲ್ಲಿ ವೈನ್ ರ‍್ಯಾಕ್ ಇಡುತ್ತಾರಲ್ಲ, ಅಲ್ಲಿ ಹಗಲಿಗೂ ರಾತ್ರಿಗೂ ಆರೇಳು ಡಿಗ್ರಿ ವ್ಯತ್ಯಾಸ. ಉತ್ತರದ ಕೋಣೆಯ ಬೀರುವಿನ ತಳ ಮಾತ್ರ 26-27ರ ಆಸುಪಾಸಿನಲ್ಲೇ ಇತ್ತು.

ವೈನ್ ಕೆಡದೆ ಮಾಗಬೇಕಾದರೆ 12ರಿಂದ 14 ಡಿಗ್ರಿ ಇರಬೇಕು, ಅದೂ ಹೆಚ್ಚು ಏರಿಳಿತ ಇಲ್ಲದೆ. ಬಿಸಿಯಾದರೆ ಒಳಗಿನ ವೈನ್ ಹಿಗ್ಗಿ ಕಾರ್ಕನ್ನು ಮೇಲಕ್ಕೆ ತಳ್ಳುತ್ತದೆ. ತಣ್ಣಗಾದಾಗ ಕುಗ್ಗಿ ಹೊರಗಿನ ಗಾಳಿಯನ್ನು ಒಳಗೆ ಎಳೆಯುತ್ತದೆ. ಒಂದು ಬೇಸಿಗೆ ಹೀಗೆ ಕಳೆದರೆ ಹಣ್ಣಿನ ಘಮ ಹೋಗಿ ಬೇಯಿಸಿದ ಜಾಮ್ ವಾಸನೆ ಉಳಿಯುತ್ತೆ. ಹಾಗಂತ ಮನೆಯ ಫ್ರಿಜ್‌ನಲ್ಲಿ ತುರುಕಿದರೂ ಆಗಲ್ಲ. ಅಲ್ಲಿ 4 ಡಿಗ್ರಿ, ಗಾಳಿಯೂ ಒಣ. ಕೆಲವು ವಾರ ಪರವಾಗಿಲ್ಲ, ತಿಂಗಳುಗಟ್ಟಲೆ ಇಟ್ಟರೆ ಕಾರ್ಕ್ ಒಣಗುತ್ತದೆ.

ಹಾಗಾಗಿ ಸಣ್ಣದೊಂದು ವೈನ್ ಕೂಲರ್ ತಂದೆ. ಇದರಲ್ಲಿ ಎರಡು ಬಗೆ. ಥರ್ಮೋಎಲೆಕ್ಟ್ರಿಕ್ ಕೂಲರ್, ಅಂದರೆ ಕಂಪ್ರೆಸರ್ ಇಲ್ಲದೆ ವಿದ್ಯುತ್ತಿನ ಚಿಪ್‌ನಿಂದಲೇ ತಂಪು ಮಾಡುವುದು, ಸದ್ದು ಮಾಡಲ್ಲ, ಬೆಲೆಯೂ ಕಡಿಮೆ, ಆದರೆ ಕೋಣೆ ಬಿಸಿಯಾದಷ್ಟೂ ಅದರ ಕೈ ಸೋಲುತ್ತೆ. ನಮ್ಮ ಬೇಸಿಗೆಗೆ ಕಂಪ್ರೆಸರ್ ಇರುವುದೇ ಸರಿ. ಸ್ವಲ್ಪ ಗುಂಯ್ ಅನ್ನುತ್ತೆ, ಅಷ್ಟೇ. ಇನ್ನೊಂದು ವಿಷಯ. ‘ಇಷ್ಟು ಬಾಟಲಿ ಹಿಡಿಯುತ್ತೆ’ ಅಂತ ಡಬ್ಬದ ಮೇಲೆ ಬರೆದಿರುತ್ತಾರಲ್ಲ, ಅದು ತೆಳ್ಳಗಿನ ಬೋರ್ಡೋ ಬಾಟಲಿಯ ಲೆಕ್ಕ. ಹೊಟ್ಟೆ ದಪ್ಪಗಿರುವ ಬರ್ಗಂಡಿ ಅಥವಾ ಶಾಂಪೇನ್ ಆಕಾರದ ಬಾಟಲಿ ಒಂದು ಇಟ್ಟರೂ ಮೇಲಿನ ತಟ್ಟೆ ಎಳೆಯೋಕೆ ಬರಲ್ಲ. ಕಾರ್ಕ್ ಇರುವುದನ್ನು ಮಲಗಿಸಿಡಬೇಕು, ಕಾರ್ಕ್ ಒದ್ದೆಯಾಗಿರಲಿ ಅಂತ. ತಿರುಗಿಸುವ ಮುಚ್ಚಳದ್ದು ನಿಂತರೂ ಒಂದೇ, ಮಲಗಿದರೂ ಒಂದೇ.

ಕೊಳ್ಳುವುದು ಬೇರೆಯೇ ಕಸರತ್ತು. ನಮ್ಮಲ್ಲಿ ಬೋರ್ಡಿನ ಮೇಲೆ ‘ವೈನ್ಸ್’ ಅಂತ ದಪ್ಪಕ್ಷರದಲ್ಲಿ ಇರುತ್ತೆ, ಒಳಗೆಲ್ಲ ಬ್ರಾಂದಿ, ವಿಸ್ಕಿ. ವೈನ್ ಅಂದರೆ ಮೇಲಿನ ಶೆಲ್ಫ್‌ನಲ್ಲಿ ಟ್ಯೂಬ್‌ಲೈಟ್ ಪಕ್ಕ ಧೂಳು ಹಿಡಿದು ನಿಂತ ನಾಲ್ಕು ಬಾಟಲಿ. ಆ ಬೆಳಕು, ಬಿಸಿ ಎರಡೂ ವೈನ್‌ಗೆ ಆಗದು. ಎಸಿ ಇರುವ, ಬಾಟಲಿಗಳು ಬೇಗ ಖರ್ಚಾಗುವ ಅಂಗಡಿ ಹುಡುಕಿಕೊಂಡೆ. ಅಲ್ಲೂ ಬಾಟಲಿಯನ್ನು ಕೈಗೆತ್ತಿಕೊಂಡು ನೋಡದೆ ತರುವುದಿಲ್ಲ. ಕತ್ತಿನ ಮೇಲಿನ ಹೊದಿಕೆಯನ್ನು ಬೆರಳಿಂದ ಸವರುತ್ತೇನೆ. ನಡುವೆ ಉಬ್ಬಿದ್ದರೆ ಕಾರ್ಕ್ ಮೇಲೆದ್ದಿದೆ ಅಂತ ಅರ್ಥ. ಅಂಚಿನಲ್ಲಿ ಅಂಟಂಟಾಗಿದ್ದರೆ ಸೋರಿದೆ. ಆಮೇಲೆ ಬೆಳಕಿಗೆ ಹಿಡಿದು ವೈನ್ ಎಲ್ಲಿವರೆಗೆ ಇದೆ ನೋಡುತ್ತೇನೆ. ಹೊಸ ಬಾಟಲಿಯಲ್ಲಿ ಅದು ಕತ್ತಿನೊಳಗೇ ಇರಬೇಕು, ಭುಜಕ್ಕೆ ಇಳಿದಿರಬಾರದು. ಒಂದು ಅಂಗಡಿಯಲ್ಲಿ ರಿಯಾಯಿತಿಗೆ ಇಟ್ಟಿದ್ದ ಕೆಂಪು ವೈನ್‌ಗಳಲ್ಲಿ ಸುಮಾರು ಬಾಟಲಿಗಳ ಕಾರ್ಕ್ ಹೀಗೇ ಎದ್ದಿತ್ತು. ‘ಏನೂ ಆಗಲ್ಲ ಸಾರ್, ತಗೊಳಿ’ ಅಂದರು. ನಮಸ್ಕಾರ ಹೇಳಿ ಬಂದೆ.

ಯಾವುದನ್ನು ಇಡೋದು? ಎಲ್ಲ ವೈನೂ ಹಳೆಯದಾದಷ್ಟು ರುಚಿ ಅನ್ನುವುದು ಬರೀ ಮಾತು. ಸೂಲಾ ಕಂಪನಿಯ ಸಾವಿನ್ಯೋನ್ ಬ್ಲಾಂಕ್ ಥರದ ಬಿಳಿ ವೈನನ್ನು ವರ್ಷ ಎರಡು ವರ್ಷದೊಳಗೆ ಕುಡಿದು ಮುಗಿಸುವುದೇ ಚೆಂದ. ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನೂ ಕೂಡಿಡುವುದಕ್ಕಲ್ಲ. ತಾಳುವುದು ಹುಳಿಯೂ ಒಗರೂ ಗಟ್ಟಿಯಾಗಿರುವ ಕೆಂಪು ವೈನ್. ನಾನು ಊರ ಹತ್ತಿರದ್ದರಿಂದಲೇ ಶುರುಮಾಡಿದೆ. ನಂದಿಬೆಟ್ಟದ ತಪ್ಪಲಿನ ಗ್ರೋವರ್ ಅವರ ಲಾ ರಿಸರ್ವ್, ಅಂದರೆ ಕ್ಯಾಬರ್ನೆ ಸಾವಿನ್ಯೋನ್ ಮತ್ತು ಶಿರಾಜ್ ಅನ್ನುವ ಎರಡು ಕೆಂಪು ವೈನ್ ದ್ರಾಕ್ಷಿಗಳ ಬೆರಕೆ. ಹಂಪಿ ಸೀಮೆಯ ಕೃಷ್ಮಾದ ಕ್ಯಾಬರ್ನೆ. ಸೊಲ್ಲಾಪುರ ಜಿಲ್ಲೆ ಅಕ್ಲೂಜ್‌ನ ಫ್ರಾಟೆಲಿ ಕಂಪನಿಯ ಸೆಟ್ಟೆ ಅನ್ನುವ ಕೆಂಪು ವೈನ್. ವಿದೇಶಿ ವೈನ್ ದುಬಾರಿ, ಯಾಕಂದ್ರೆ ಆಮದು ಸುಂಕವೇ ಬಹಳ ಕಾಲ 150% ಇತ್ತು. 2022ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾ ಜೊತೆಗಿನ ಒಪ್ಪಂದ ಜಾರಿಯಾದ ಮೇಲೆ ಅಲ್ಲಿನ ಸ್ವಲ್ಪ ಮೇಲ್ಮಟ್ಟದ ವೈನ್‌ಗಳಿಗೆ ಸುಂಕ ಇಳಿಯುತ್ತಿದೆ. ವಿಮಾನದಲ್ಲಿ ವಿದೇಶದಿಂದ ಬರುವವರು ತಲೆಗೆ 2 ಲೀಟರ್ ಸುಂಕವಿಲ್ಲದೆ ತರಬಹುದು. ಹಾಗಾಗಿ ತಮ್ಮ ಬರುವಾಗ 750 ಮಿಲಿಯ ಎರಡು ಬಾಟಲಿ ಅವನ ಬಟ್ಟೆಗಳ ನಡುವೆ ಕೂತು ಬರುತ್ತವೆ.

ನಾನು ಬಿಡದೆ ಪಾಲಿಸುವ ನಿಯಮ ಒಂದೇ. ಹತ್ತು ಥರದ್ದು ಒಂದೊಂದು ಬೇಡ, ಒಂದೇ ವೈನ್, ಒಂದೇ ವರ್ಷದ್ದು, ಮೂರು ತರಬೇಕು. ಒಂದನ್ನು ಆ ವಾರವೇ ತೆಗೆಯುತ್ತೇನೆ, ಎರಡನೆಯದನ್ನು ವರ್ಷ ಬಿಟ್ಟು, ಮೂರನೆಯದನ್ನು ಇನ್ನೂ ತಡವಾಗಿ. ಕತ್ತಿಗೆ ದಾರದಲ್ಲಿ ಚೀಟಿ ಕಟ್ಟಿ ಕೊಂಡ ತಿಂಗಳು, ಬೆಲೆ ಬರೆದಿಡುತ್ತೇನೆ. ಹೀಗೆ ಮಾಡದೆ ಹೋಗಿದ್ದರೆ ವೈನ್ ಮಾಗುವುದು ಅಂದರೇನು ಅಂತ ನನಗೆ ಗೊತ್ತೇ ಆಗುತ್ತಿರಲಿಲ್ಲ. ಮೊದಲ ಲಾ ರಿಸರ್ವ್ ಎಳೆ ಅಡಿಕೆ ಅಗಿದ ಹಾಗೆ ಒಸಡು ಹಿಡಿದಿತ್ತು. ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆ ಮಾಡಿದರೆ ಅಂಚೆಲ್ಲ ನೇರಳೆ. ಎರಡನೆಯದರಲ್ಲಿ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಒಗರು ಅರ್ಧ ಕರಗಿತ್ತು, ಮೂಗಿಗೆ ಒಣದ್ರಾಕ್ಷಿ, ಚರ್ಮದ ವಾಸನೆ. ಮನೆಯವರಿಗೆ ಮೊದಲನೆಯದೇ ಇಷ್ಟ ಆಗಿತ್ತಂತೆ. ಅದೂ ಸರಿಯೇ. ಅವರಿಗಾಗಿ ಶೆನಿನ್ ಬ್ಲಾಂಕ್ ಇಡುತ್ತೇನೆ, ಖಾರದ ಕೋಳಿಸಾರಿಗೆ ಒಗರಿನ ಕೆಂಪಿಗಿಂತ ಆ ತುಸು ಸಿಹಿಯ ಬಿಳಿಯೇ ಒಗ್ಗುತ್ತೆ.

ಹೆಚ್ಚು ಕೂಡಿಡುವ ಆಸೆ ಇದ್ದವರು ಅಬಕಾರಿ ನಿಯಮ ಒಮ್ಮೆ ಓದಿಕೊಳ್ಳಿ. ಮನೆಯಲ್ಲಿ ಎಷ್ಟು ಲೀಟರ್ ಇಟ್ಟುಕೊಳ್ಳಬಹುದು ಅನ್ನುವುದಕ್ಕೆ ರಾಜ್ಯ ರಾಜ್ಯಕ್ಕೂ ಬೇರೆ ಮಿತಿ ಇದೆ. ಇನ್ನು ‘ಇದು ಇನ್‌ವೆಸ್ಟ್‌ಮೆಂಟಾ?’ ಅಂತ ಕೇಳುವ ಗೆಳೆಯರಿಗೆ ನನ್ನ ಉತ್ತರ: ಲೈಸೆನ್ಸ್ ಇಲ್ಲದೆ ಒಂದು ಬಾಟಲಿ ಮಾರುವಂತೆಯೂ ಇಲ್ಲ, ಶನಿವಾರ ಬನ್ನಿ, ಕುಡಿಯೋಣ.