ಅಮ್ಮನ ಕಷಾಯದ ಬಟ್ಟಲು, ಉರುಶಿಯ ಸೊನೆ

ಬಟ್ಟಲು ಒಡೆದದ್ದು ಫೆಬ್ರವರಿಯಲ್ಲಿ. ತೊಳೆಯುವಾಗ ಸೋಪಿನ ಕೈಯಿಂದ ಜಾರಿ ನಲ್ಲಿಗೆ ಬಡಿಯಿತು. ಮೂರು ಚೂರಾಯಿತು. ಅಂಚಿನಿಂದ ಕಡಲೆಬೇಳೆಯಷ್ಟು ಒಂದು ಚಕ್ಕೆ ಎಲ್ಲಿ ಹಾರಿತೋ, ಸಿಗಲೇ ಇಲ್ಲ. ಹಿಂದಿನ ವರ್ಷ ಅಮ್ಮ ಸಾಗರದಿಂದ ಇಲ್ಲಿಗೆ, ಜಪಾನಿನ ಕನಜಾವಾಕ್ಕೆ ಬಂದು ಮೂರು ತಿಂಗಳು ಇದ್ದಳು. ದಿನಾ ಬೆಳಗ್ಗೆ ಕಷಾಯ ಕುಡಿಯುತ್ತಿದ್ದದ್ದು ಆ ಬಟ್ಟಲಿನಲ್ಲೇ. ಬಿಸಾಡಲು ಮನಸ್ಸು ಬರಲಿಲ್ಲ. ಚೂರುಗಳನ್ನು ಪೇಪರಿನಲ್ಲಿ ಸುತ್ತಿ ಇಟ್ಟೆ. ಒಡೆದ ಪಾತ್ರೆ ಸರಿಮಾಡುವ ಇಲ್ಲಿನ ಕಲೆ ಕಿಂತ್ಸುಗಿಯನ್ನು ಕಲಿತು ನಾನೇ ಕೂಡಿಸೋಣ ಅಂದುಕೊಂಡೆ.

ಕಿಂತ್ಸುಗಿ ಅಂದರೆ ಒಡೆದ ಪಿಂಗಾಣಿಯನ್ನು ಚಿನ್ನದಿಂದ ಕೂಡಿಸುವುದು ಅಂತಲೇ ನಾನು ತಿಳಿದಿದ್ದೆ. ಹಾಗಲ್ಲ. ಕೂಡಿಸುವುದು ಉರುಶಿ ಅನ್ನುವ ಮರದ ಸೊನೆ. ಚಿನ್ನ ಕೊನೆಯಲ್ಲಿ ಮೇಲೆ ಉದುರಿಸುವ ಪುಡಿ. ಆರು ತಿಂಗಳ ನನ್ನ ಕೆಲಸದಲ್ಲಿ ಚಿನ್ನ ಮುಟ್ಟಿದ್ದು ಒಂದು ಗಂಟೆಯೂ ಇಲ್ಲ.

ನನಗೆ ಕಲಿಸಿದವರು ವಾಜಿಮಾದವರು. ನೋತೋ ಪರ್ಯಾಯ ದ್ವೀಪದಲ್ಲಿರುವ ಆ ಊರು ಉರುಶಿ ಬಳಿದ ಮರದ ಬಟ್ಟಲುಗಳಿಗೆ ಹೆಸರುವಾಸಿ. ಒಂದು ಬಟ್ಟಲು ನೂರಕ್ಕೂ ಜಾಸ್ತಿ ಹಂತ ದಾಟುತ್ತದೆ. ಬೇಗ ಸವೆಯುವ ಅಂಚಿಗೆ ಬಟ್ಟೆ ಅಂಟಿಸುತ್ತಾರೆ. ಆಮೇಲೆ ಅಲ್ಲಿನದೇ ಮಣ್ಣನ್ನು ಸುಟ್ಟು, ಪುಡಿ ಮಾಡಿ, ಉರುಶಿಯಲ್ಲಿ ಕಲೆಸಿ ಬಳಿಯುತ್ತಾರೆ. 2024ರ ಜನವರಿ 1ರಂದು ಅಲ್ಲಿ 7.6 ತೀವ್ರತೆಯ ಭೂಕಂಪ ಆಯಿತು. ಬೆಳಗಿನ ಸಂತೆಗೆ ಹೆಸರಾದ ಬೀದಿ ಬೆಂಕಿಯಲ್ಲಿ ಸುಟ್ಟುಹೋಯಿತು. ನಮ್ಮ ಸೆನ್ಸೇ, ಅಂದರೆ ಗುರುಗಳು, ಕೆಲಸ ಮಾಡುತ್ತಿದ್ದ ಮನೆಯೂ ಕುಸಿಯಿತು. ಈಗ ಅವರು ಕನಜಾವಾದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಕೆಲಸ ಮಾಡುತ್ತಾರೆ, ಭಾನುವಾರ ನಾಲ್ಕೈದು ಜನಕ್ಕೆ ಹೇಳಿಕೊಡುತ್ತಾರೆ. ಅವರ ಟೇಬಲ್ ಮೇಲೆ ಯಾವಾಗಲೂ ನೋತೋದಿಂದ ಬಂದ ಒಡಕು ಬಟ್ಟಲುಗಳು ಇರುತ್ತವೆ.

ಒಡಕಿನಲ್ಲೂ ಚೆಲುವಿದೆ, ಗಾಯವೇ ಒಡವೆ ಅಂತೆಲ್ಲ ಕಿಂತ್ಸುಗಿ ಬಗ್ಗೆ ಜನ ಹೇಳುತ್ತಾರೆ. ಸೆನ್ಸೇ ಬಾಯಿಂದ ಆ ಮಾತು ಒಮ್ಮೆಯೂ ಬಂದಿಲ್ಲ. ನನ್ನ ಚೂರುಗಳನ್ನು ಬೆಳಕಿಗೆ ಹಿಡಿದು ಅವರು ಕೇಳಿದ್ದು ಒಂದೇ: "ಇದರಲ್ಲಿ ಏನು ಕುಡಿಯುತ್ತೀರಿ, ಬಿಸಿಯೋ ತಣ್ಣಗಿನದೋ?"

ಮೊದಲ ಪಾಠ ಆದ ಮೂರನೇ ದಿನ ನನ್ನ ಮುಖ ಊದಿಕೊಂಡಿತು. ಗ್ಲೌಸ್ ಹಾಕಿದ್ದೆ ನಿಜ, ಆದರೆ ಅದೇ ಕೈಯಲ್ಲಿ ಹಣೆಯ ಕೂದಲು ಸರಿಸಿಕೊಂಡಿದ್ದೆ. ರೆಪ್ಪೆ ತೆರೆಯಲು ಆಗುತ್ತಿರಲಿಲ್ಲ, ಕುತ್ತಿಗೆ ತುಂಬ ಗುಳ್ಳೆ, ರಾತ್ರಿಯಿಡೀ ತುರಿಕೆ. ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ, "ಹೊಲಗೇರು ಮರದ ಕೆಳಗೆ ನಿಂತವರ ಹಾಗೆ ಆಗಿದೆಯಲ್ಲೇ!" ಅಂದಳು.

ಅಮ್ಮ ಹೇಳಿದ್ದು ಸರಿಯಾಗಿಯೇ ಇತ್ತು. ಮಾವು, ಗೇರು, ನಮ್ಮ ಕಾಡಿನ ಹೊಲಗೇರು, ಈ ಉರುಶಿ ಎಲ್ಲ ಒಂದೇ ಕುಟುಂಬದ ಮರಗಳು. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಸುಟ್ಟುಕೊಂಡವರಿಗೆ, ಮಾವಿನ ಸೊನೆ ಸಿಡಿದು ಕೆನ್ನೆ ಕಪ್ಪಾದವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ, ಅಲ್ವಾ? ಹಸಿ ಉರುಶಿ ಅದಕ್ಕಿಂತ ಖಾರ. ಕೆಲವರಿಗೆ ಬರಬರುತ್ತಾ ಒಗ್ಗುತ್ತದೆ, ಕೆಲವರಿಗೆ ಒಗ್ಗುವುದೇ ಇಲ್ಲ. ನನಗೆ ಡಾಕ್ಟರ ಮುಲಾಮಿನಿಂದ ಹತ್ತು ದಿನದಲ್ಲಿ ಇಳಿಯಿತು. ಅಂದಿನಿಂದ ಉದ್ದ ತೋಳಿನ ಅಂಗಿ, ಕೂದಲಿಗೆ ಬಟ್ಟೆ, ಮೇಜಿನ ಮೇಲೆ ಅಡುಗೆ ಎಣ್ಣೆಯ ಒಂದು ಬಟ್ಟಲು. ಸೊನೆ ತಾಗಿದರೆ ಮೊದಲು ಎಣ್ಣೆಯಲ್ಲಿ ಒರೆಸಬೇಕು, ಸೋಪು ಆಮೇಲೆ. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವ ನಮಗೆ ಇದು ಹೊಸ ವಿದ್ಯೆ ಏನಲ್ಲ. ಪೂರ್ತಿ ಗಟ್ಟಿಯಾದ ಉರುಶಿ ತುರಿಸುವುದಿಲ್ಲ, ಅದರಲ್ಲಿ ಧೈರ್ಯವಾಗಿ ಊಟ ಮಾಡಬಹುದು.

ಅಂಟು ಮಾಡುವುದು ಮೈದಾ ಹಿಟ್ಟಿನಿಂದ. ಒಂದು ಚಿಟಿಕೆ ಹಿಟ್ಟಿಗೆ ಹನಿ ಹನಿ ನೀರು ಹಾಕಿ, ಗಾಜಿನ ಮೇಲೆ ಅಲಗಿನಂಥ ಪಟ್ಟಿಯಿಂದ ನಾದಬೇಕು. ಕಿವಿಯ ಹಾಲೆಯಷ್ಟು ಮೆತ್ತಗಾದಾಗ ಸರಿಸುಮಾರು ಅಷ್ಟೇ ಹಸಿ ಉರುಶಿ, ಸ್ವಲ್ಪ ಸ್ವಲ್ಪವೇ. ಹಾಲು ಹಾಕಿದ ಕಾಫಿಯ ಬಣ್ಣದ ಸೊನೆ ಕಣ್ಣೆದುರೇ ಕಂದಾಗುತ್ತಾ ಬರುತ್ತದೆ. ಪಟ್ಟಿ ಎತ್ತಿದರೆ ಹಲಸಿನ ಮೇಣದ ಹಾಗೆ ಎಳೆ ಬರಬೇಕು. ಎಳೆ ಬರದಿದ್ದರೆ ಅಂಟುವುದಿಲ್ಲ. ಅದಕ್ಕೂ ಮೊದಲು ಚೂರುಗಳ ಅಂಚಿನ ಚೂಪು ತೆಗೆದು, ಒಂದು ಸುತ್ತು ಹಸಿ ಉರುಶಿ ಸವರಿ ಒಣಗಿಸಿದ್ದೆ. ಅಂಟನ್ನು ತೆಳ್ಳಗೆ ಹಚ್ಚಿ, ಎರಡೂ ಕಡೆ ಒತ್ತಿ, ಟೇಪ್ ಸುತ್ತಿ ಒಳಗಿಟ್ಟೆ. ಎರಡು ವಾರ ಮುಟ್ಟಲಿಲ್ಲ.

ಒಳಗೆ ಅಂದರೆ ಮುರೋ, ಉರುಶಿ ಗಟ್ಟಿಯಾಗಲು ಇಡುವ ತೇವದ ಗೂಡು. ದೊಡ್ಡ ಕೆಲಸಗಾರರಿಗೆ ಅದು ಮರದ ಕಪಾಟು. ನನ್ನದು ಮೀನಿನ ಅಂಗಡಿಯಲ್ಲಿ ಕೇಳಿ ತಂದ ಥರ್ಮಾಕೋಲ್ ಪೆಟ್ಟಿಗೆ, ಅದರಲ್ಲಿ ಹಿಂಡಿದ ಒದ್ದೆ ಬಟ್ಟೆ, ತೇವ ಅಳೆಯುವ ಒಂದು ಮೀಟರ್. ಉರುಶಿ ಬಣ್ಣದ ಹಾಗೆ ನೀರಾರಿ ಒಣಗುವುದಲ್ಲ. ಅದರೊಳಗೆ ಲ್ಯಾಕೇಸ್ ಅನ್ನುವ ಕಿಣ್ವ ಇದೆ. ತೇವ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ, ಆಗ ಸೊನೆ ಗಾಳಿಯ ಆಮ್ಲಜನಕ ಸೇರಿಸಿಕೊಂಡು ಗಟ್ಟಿಯಾಗುತ್ತದೆ. 20ರಿಂದ 25 ಡಿಗ್ರಿ ಬಿಸಿ, 70ರಿಂದ 80 ಶೇಕಡಾ ತೇವ ಬೇಕು. ಮಳೆಗಾಲದಲ್ಲಿ ವಾರಗಟ್ಟಲೆ ಬಟ್ಟೆ ಒಣಗದ ಊರಿನವಳು ನಾನು. ಒಣಗಲಿ ಅಂತ ಬಟ್ಟೆ ಒದ್ದೆ ಮಾಡಿ ಇಡುವುದು ರೂಢಿಯಾಗಲು ಸ್ವಲ್ಪ ದಿನ ಬೇಕಾಯಿತು.

ಕಳೆದುಹೋದ ಚಕ್ಕೆಯ ಜಾಗ ತುಂಬಲು ಅದೇ ಅಂಟಿಗೆ ಮರದ ಹುಡಿ ಬೆರೆಸಿದೆ. ಒಂದೇ ಸಲ ಮೆತ್ತಿದರೆ ಮೇಲೆ ಗಟ್ಟಿ, ಒಳಗೆ ಹಸಿ. ಹಾಗಾಗಿ ಮೂರು ಪದರ, ಮೂರು ವಾರ. ಅದರ ಮೇಲೆ ತೋನೋಕೋ ಅನ್ನುವ ನುಣುಪು ಮಣ್ಣು ಬೆರೆಸಿದ ಉರುಶಿ. ಒಣಗಿದ ಮೇಲೆ ನೀರು ಹಾಕಿ ಉಜ್ಜುವುದು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಬಿರುಕು ಎಲ್ಲಿದೆ ಅಂತ ತಿಳಿಯಬಾರದು. ನನ್ನ ಬೆರಳಿಗೆ ತಿಳಿಯದ್ದು ಸೆನ್ಸೇ ಉಗುರಿಗೆ ತಿಳಿಯುತ್ತಿತ್ತು. ನಾಲ್ಕು ಸಲ ವಾಪಸ್ ಕಳಿಸಿದರು.

ಜೂನ್ ಕೊನೆಗೆ ಕಪ್ಪು ಉರುಶಿ ಬಳಿದೆ. ಅಲ್ಲಿ ನನ್ನಿಂದ ತಪ್ಪಾಯಿತು. ಗೆರೆ ತುಂಬಿ ಚೆನ್ನಾಗಿ ಕಾಣಲಿ ಅಂತ ದಪ್ಪ ಎಳೆದೆ. ಹೊರಗೆ ಜಪಾನಿನ ಮಳೆಗಾಲ, ಪೆಟ್ಟಿಗೆಯೊಳಗೆ ಮತ್ತೆ ಒದ್ದೆ ಬಟ್ಟೆ. ಬೆಳಗ್ಗೆ ತೆಗೆದು ನೋಡಿದರೆ ಕಾಯಿಸಿದ ಹಾಲಿನ ಕೆನೆಯ ಹಾಗೆ ಗೆರೆಯುದ್ದಕ್ಕೂ ಸುಕ್ಕು. ತೇವ ಜಾಸ್ತಿಯಾಗಿ ಮೇಲ್ಪದರ ಬೇಗ ಬಿಗಿದಿತ್ತು, ಒಳಗೆ ಇನ್ನೂ ಹಸಿ. ಪೂರ್ತಿ ಗಟ್ಟಿಯಾಗಲು ಇಪ್ಪತ್ತು ದಿನ ಕಾದು, ಎಲ್ಲ ಉಜ್ಜಿ ತೆಗೆದು, ಮತ್ತೆ ಶುರು ಮಾಡಿದೆ. ಮಳೆಗಾಲದಲ್ಲಿ ಮಾಡುವವರು ಒದ್ದೆ ಬಟ್ಟೆ ಇಡುವ ಮುಂಚೆ ಮೀಟರ್ ನೋಡಿ. ಕುಂಚವನ್ನು ಎಣ್ಣೆಯಲ್ಲಿ ತೊಳೆದಿಡುತ್ತೇವಲ್ಲ, ಮುಂದಿನ ಸಲ ಬಳಸುವ ಮೊದಲು ಆ ಎಣ್ಣೆಯನ್ನು ಟರ್ಪೆಂಟೈನಿನಲ್ಲಿ ಪೂರ್ತಿ ತೆಗೆಯಿರಿ. ಎಣ್ಣೆ ಉಳಿದರೆ ಉರುಶಿ ಗಟ್ಟಿಯಾಗುವುದೇ ಇಲ್ಲ.

ಈಗ ಕಿಂತ್ಸುಗಿ ಹೆಸರಿನಲ್ಲಿ ಸಿಗುವ ಎಷ್ಟೋ ಕಿಟ್‌ಗಳಲ್ಲಿ ಎಪಾಕ್ಸಿ ಗಮ್, ಹಿತ್ತಾಳೆ ಪುಡಿ ಇರುತ್ತದೆ. ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ಶೋಕೇಸಿಗೆ ಆದರೆ ಆಗಲಿ. ತಿನ್ನುವ ಕುಡಿಯುವ ಪಾತ್ರೆಗೆ ನಾನಂತೂ ಬೇಡ ಅನ್ನುತ್ತೇನೆ. ಉರುಶಿಯನ್ನೇ ಬಳಸಲು ನನಗೆ ಇನ್ನೂ ಒಂದು ಕಾರಣ ಇದೆ. ಜಪಾನಿನಲ್ಲಿ ಬಳಸುವ ಉರುಶಿಯಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಹೊರಗಿನದು, ಮುಖ್ಯವಾಗಿ ಚೀನಾದ್ದು. ಇಲ್ಲಿಯದರಲ್ಲಿ ಬಹುಪಾಲು ಬರುವುದು ಇವಾತೆ ಪ್ರಾಂತ್ಯದ ಜೋಬೋಜಿಯಿಂದ. ಹತ್ತು ಹದಿನೈದು ವರ್ಷ ಬೆಳೆಸಿದ ಮರಕ್ಕೆ ಜೂನ್‌ನಿಂದ ಗೀರು ಹಾಕುತ್ತಾರೆ, ನಾಲ್ಕೈದು ದಿನಕ್ಕೊಮ್ಮೆ ಹೊಸ ಗೀರು. ಇಡೀ ಋತುವಿಗೆ ಒಂದು ಮರ ಕೊಡುವುದು ಸುಮಾರು 200 ಮಿಲಿಲೀಟರ್. ರಬ್ಬರ್ ಮರದ ಹಾಗೆ ವರ್ಷ ವರ್ಷ ಸಿಗುವುದಿಲ್ಲ. ಅಷ್ಟು ಕೊಟ್ಟ ಮರವನ್ನು ಕಡಿಯುತ್ತಾರೆ, ಬುಡದಿಂದ ಮತ್ತೆ ಚಿಗುರು ಬರಬೇಕು. ರಾಷ್ಟ್ರೀಯ ನಿಧಿ ಅನ್ನಿಸಿಕೊಂಡ ಕಟ್ಟಡಗಳ ರಿಪೇರಿಗೆ ದೇಶದ ಉರುಶಿಯನ್ನೇ ಬಳಸಬೇಕು ಅಂತ 2015ರಲ್ಲಿ ಇಲ್ಲಿನ ಸಂಸ್ಕೃತಿ ಇಲಾಖೆ ಹೇಳಿತು. ಅಂದಿನಿಂದ ಮರ ನೆಡುವವರಿಗೆ, ಗೀರು ಹಾಕುವವರಿಗೆ ಸ್ವಲ್ಪ ಬಲ ಬಂದಿದೆ. ಜೋಬೋಜಿಯ ಸೊನೆಗೆ ಬೆಲೆ ಹಲವು ಪಟ್ಟು. ಆದರೂ ಕೊನೆಯ ಪದರಕ್ಕೆ ನಾನು ಅದನ್ನೇ ತಂದೆ.

ಸೆಪ್ಟೆಂಬರ್‌ನ ಒಂದು ಭಾನುವಾರ ಕೆಂಪು ಉರುಶಿಯ ಗೆರೆ ಎಳೆದೆ, ಈ ಸಲ ಕೂದಲೆಳೆಯಷ್ಟು ತೆಳ್ಳಗೆ. ಅರ್ಧ ಗಂಟೆ ಕಾದೆ. ಬಾಯಿಯ ಉಸಿರು ಬಿಟ್ಟರೆ ಗೆರೆಯ ಮೇಲೆ ಒಂದು ಕ್ಷಣ ಮಂಜು ಕಟ್ಟಿತು. ಸೆನ್ಸೇ ತಲೆಯಾಡಿಸಿದರು. ರೇಷ್ಮೆ ನೂಲಿನ ಉಂಡೆಗೆ ಚಿನ್ನದ ಪುಡಿ ತಾಗಿಸಿ ಗೆರೆಯ ಮೇಲೆ ಹಗುರವಾಗಿ ಸವರುತ್ತಾ ಹೋದೆ. ಕೋಣೆಯ ಫ್ಯಾನ್ ಆರಿಸಿದ್ದರು, ಯಾರೂ ಮಾತಾಡಲಿಲ್ಲ. ಕಾಗದದ ಮೇಲೆ ಬಿದ್ದ ಪುಡಿಯನ್ನು ಒಂದು ಕಣವೂ ಬಿಡದೆ ಗುಡಿಸಿ ಪೊಟ್ಟಣಕ್ಕೆ ಹಾಕಿದೆವು.

ಪೂರ್ತಿ ಗಟ್ಟಿಯಾಗಲಿ ಅಂತ ಇನ್ನೂ ಒಂದು ತಿಂಗಳು ಇಟ್ಟು, ಆಮೇಲೆ ಜೀರಿಗೆ ಕೊತ್ತಂಬರಿ ಕಷಾಯ ಮಾಡಿದೆ. ವಿಡಿಯೋದಲ್ಲಿ ಬಟ್ಟಲನ್ನು ಆಚೆ ಈಚೆ ತಿರುಗಿಸಿ ತೋರಿಸಿದೆ. ಅಮ್ಮ ಕನ್ನಡಕ ಏರಿಸಿಕೊಂಡು ನೋಡಿದಳು. "ಸೋರ್ತದಾ?" ಅಂತ ಕೇಳಿದಳು.

ಸೋರಲಿಲ್ಲ.