ಕಲ್ಲನ್ನು ಬಿಸಾಡಬೇಡಿ: ಬೆಟ್ಟದ ಗರಸು ಮಣ್ಣನ್ನು ಗುರುತಿಸುವುದು ಹೇಗೆ?

ಮಲೆನಾಡಿನಲ್ಲಿ ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವುದನ್ನು ನೋಡಿದ್ದೀರಾ? ಗುದ್ದಲಿಯಲ್ಲಿ ನಾಲ್ಕು ಪೆಟ್ಟು ಹಾಕುತ್ತಾರೆ. ಮಣ್ಣಿನ ಜೊತೆ ಬಂದ ಕಲ್ಲನ್ನೆಲ್ಲ ಆರಿಸಿ ಆಚೆ ಎಸೆಯುತ್ತಾರೆ. ಉಳಿದ ಚೆಂದದ ಮಣ್ಣನ್ನು ಕವರಿಗೆ ತುಂಬಿ ಕಳಿಸುತ್ತಾರೆ. ಗದ್ದೆಯ ಮಣ್ಣಿಗಾದರೆ ಇದು ನಡೆದೀತು. ಬೆಟ್ಟದ ಮಣ್ಣಿಗೆ ನಡೆಯುವುದಿಲ್ಲ. ಅಲ್ಲಿ ಎಸೆದ ಕಲ್ಲೇ ಕೆಲವೊಮ್ಮೆ ಮಣ್ಣಿಗಿಂತ ಜಾಸ್ತಿ ತೂಗುತ್ತದೆ.

ನಮ್ಮ ಕಡೆ ಒಬ್ಬರು ಬೆಟ್ಟದ ಅಂಚಿನ ಸ್ವಂತ ಜಾಗದಲ್ಲಿ ತೋಟ ಮಾಡಲು ಹೊರಟರು. ವರದಿಯಲ್ಲಿ ‘ಗೋಡು ಮಣ್ಣು (ಮರಳು, ಜೇಡಿ ಹದವಾಗಿ ಬೆರೆತದ್ದು), ಸಾವಯವ ಇಂಗಾಲ ಚೆನ್ನಾಗಿದೆ’ ಎಂದು ಬಂತು. ಅದನ್ನೇ ನಂಬಿ ಮೂರು ವಾರಕ್ಕೊಮ್ಮೆ ನೀರು ಬಿಟ್ಟರೆ ಸಾಕು ಅಂದುಕೊಂಡರು. ಏಪ್ರಿಲ್ ಹೊತ್ತಿಗೆ ಸಸಿಗಳು ಬಾಡಿ ನಿಂತವು. ವರದಿ ಸುಳ್ಳಾಗಿರಲಿಲ್ಲ. ಪ್ರಯೋಗಾಲಯಕ್ಕೆ ಹೋದದ್ದು ಜರಡಿ ಹಿಡಿದ ಮಣ್ಣು, ಸಸಿ ನಿಂತದ್ದು ಕಲ್ಲಿನ ನಡುವೆ. ಅವರ ಮುಖ ನೋಡಿದ ಮೇಲೆ ಈ ಕ್ರಮವನ್ನು ಎಲ್ಲರಿಗೂ ಹೇಳಿಕೊಡಲೇಬೇಕು ಅನ್ನಿಸಿತು.

ಇಲ್ಲಿ ಹೇಳುವುದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಬೆಟ್ಟಗಳ ಕೆಂಪು ಗರಸು ಮಣ್ಣಿನ ಬಗ್ಗೆ. ಮೇಲೆ ದರಕಿನ, ಅಂದರೆ ಉದುರಿದ ಒಣ ಎಲೆಗಳ ಹೊದಿಕೆ, ಅದರಡಿ ಕಪ್ಪು ಮಣ್ಣಿನ ತೆಳು ಪದರ, ಕೆಳಗೆ ಜಂಬಿಟ್ಟಿಗೆ (ಚಿರೆಕಲ್ಲು, ಲ್ಯಾಟರೈಟ್) ಚೂರು ತುಂಬಿದ ಕೆಂಪು ಮಣ್ಣು.

ಜಾಗ ಮತ್ತು ಗುಂಡಿ

ಮೊದಲು ಅನುಮತಿಯ ಮಾತು. ಸೊಪ್ಪಿನ ಬೆಟ್ಟದಲ್ಲಿ ತೋಟದವರಿಗೆ ಸೊಪ್ಪು, ದರಕು ತರುವ ಸೌಲಭ್ಯ ಇದೆ. ಆದರೆ ನೆಲ ಅರಣ್ಯದ್ದು. 1963ರ ಕರ್ನಾಟಕ ಅರಣ್ಯ ಕಾಯ್ದೆ ಅಲ್ಲಿಗೂ ಅನ್ವಯಿಸುತ್ತದೆ. ಕೇಳದೆ ಗುಂಡಿ ತೋಡಬೇಡಿ.

ಕಾಲುದಾರಿ, ಹುತ್ತ, ಬಿದ್ದ ಮರದ ಬುಡ ಬಿಟ್ಟು ಇಳಿಜಾರಿನ ನಡುಭಾಗದಲ್ಲಿ ಜಾಗ ಹಿಡಿಯಿರಿ. ನವೆಂಬರ್, ಡಿಸೆಂಬರ್ ಒಳ್ಳೆಯ ಕಾಲ, ನೆಲದಲ್ಲಿ ಹಸಿ ಇರುತ್ತದೆ. ಒಂದು ಮೀಟರ್ ಅಗಲ, ಒಂದೂವರೆ ಮೀಟರ್ ಉದ್ದ, ಒಂದು ಮೀಟರ್ ಆಳ ತೋಡಿ. ಇಳಿಜಾರಿನ ಮೇಲ್ಬದಿಗಿರುವ ಗೋಡೆಯನ್ನೇ ಓದುವುದು, ಅದರ ತಲೆಯ ಮೇಲೆ ಯಾರೂ ಕಾಲಿಡಬಾರದು. ಮೇಲಿನ ಮಣ್ಣು ಒಂದು ತಾಡಪಾಲಿನ ಮೇಲೆ, ಕೆಳಗಿನದು ಇನ್ನೊಂದರ ಮೇಲೆ. ಪಿಕಾಸಿ, ಹಾರೆ ಎರಡೂ ಬೇಕು. ನೆಲ ಕೊರೆಯುವ ಆಗರ್ ತಂದರೆ ಸುಮ್ನೆ ಹೊತ್ತದ್ದೇ ಬಂತು, ಮೊದಲ ಕಲ್ಲಿಗೇ ನಿಲ್ಲುತ್ತದೆ.

ಪದರ ಓದುವುದು

ಗುದ್ದಲಿ ಎಳೆದ ಗೋಡೆ ನಯವಾಗಿ ಕಾಣುತ್ತದೆ, ಆದರೆ ಅದು ಸಾರಿಸಿದ ಹಾಗೆ. ಚೂರಿಯ ತುದಿಯಿಂದ ಮೇಲಿನಿಂದ ಕೆಳಕ್ಕೆ ಸಣ್ಣಗೆ ಕೀಳುತ್ತಾ ಬನ್ನಿ. ಬಣ್ಣ ಬದಲಾದಲ್ಲಿ, ಚೂರಿಗೆ ತಾಗುವ ಕಲ್ಲು ಹೆಚ್ಚಾದಲ್ಲಿ ಒಂದೊಂದು ಮೊಳೆ ಚುಚ್ಚಿ. ಆಳ ಬರೆದುಕೊಳ್ಳಿ. ದರಕಿನ ಪದರದ ದಪ್ಪವನ್ನು ಬೇರೆಯಾಗಿ ಬರೆಯಿರಿ.

ಬಣ್ಣವನ್ನು ಮನ್ಸೆಲ್ ಬಣ್ಣದ ಪುಸ್ತಕದ (ಮಣ್ಣಿನ ಬಣ್ಣಗಳ ಮಾದರಿ ಚೂರುಗಳನ್ನು ಅಂಟಿಸಿದ ಪುಸ್ತಕ) ಜೊತೆ ಹೋಲಿಸಿ ನೋಡಬೇಕು. ಮಣ್ಣು ಹಸಿಯಾಗಿರಲಿ, ಬೆಳಕು ನೇರ ಬಿಸಿಲಿನದ್ದಾಗಿರಲಿ. ಮರದ ನೆರಳಿನ ಹಸಿರು ಬೆಳಕಿನಲ್ಲಿ ಕೆಂಪು ಮಣ್ಣು ಕಂದಾಗಿ ಕಾಣುತ್ತದೆ. ಮೊಬೈಲಿನಲ್ಲಿ ಫೋಟೋ ಹಿಡಿದು ಮಣ್ಣಿನ ಜಾತಿ ಹೇಳುವ ಆಪ್‌ಗಳನ್ನು ನಾನಂತೂ ಬಳಸುವುದಿಲ್ಲ, ನಿಮಗೂ ಬೇಡ ಎನ್ನುತ್ತೇನೆ. ಫೋಟೋದಲ್ಲಿ ಆಳ ಕಾಣುವುದಿಲ್ಲ.

ಕಲ್ಲು ಹೇಗೆ ಮಲಗಿದೆ ಎಂದೂ ನೋಡಿ. ಗೋಡೆಯ ಉದ್ದಕ್ಕೂ ಇಳಿಜಾರಿಗೆ ಸಮವಾಗಿ ಸಾಲು ಹಿಡಿದಿದ್ದರೆ, ಅದರ ಮೇಲಿನ ಮಣ್ಣು ಗುಡ್ಡದ ಮೇಲಿನಿಂದ ಜಾರಿ ಬಂದಿರುವ ಸಾಧ್ಯತೆ ಹೆಚ್ಚು. ಮೂಲ ಬಂಡೆಯ ಪದರ ಹಾಗೇ ಕಾಣುತ್ತಾ, ಉಗುರಿನಲ್ಲಿ ಕೆರೆದರೆ ಪುಡಿಯಾದರೆ ಅದು ನಿಂತಲ್ಲೇ ಕೊಳೆತ ಬಂಡೆ. ಎರಡರ ಗುಣ ಬೇರೆ ಬೇರೆ.

ಕಲ್ಲಿನ ಲೆಕ್ಕ: ಎಲ್ಲರೂ ಎಡವುವ ಜಾಗ

ಇಲ್ಲಿ ಅವಸರ ಬೇಡ. ಮಿಕ್ಕಿದ್ದೆಲ್ಲ ಸ್ವಲ್ಪ ಹೆಚ್ಚುಕಮ್ಮಿಯಾದರೂ ನಡೆಯುತ್ತದೆ, ಇದು ತಪ್ಪಿದರೆ ಎಲ್ಲವೂ ತಪ್ಪು.

ಮಣ್ಣು ಶಾಸ್ತ್ರದ ಪ್ರಕಾರ 2 ಮಿ.ಮೀ.ಗಿಂತ ಚಿಕ್ಕದು ಮಣ್ಣು, ಅದಕ್ಕಿಂತ ದೊಡ್ಡದು ಕಲ್ಲು. 2ರಿಂದ 75 ಮಿ.ಮೀ.ವರೆಗೆ ಗರಸು, ಅದರ ಮೇಲೆ 250ರವರೆಗೆ ಮುಷ್ಟಿಗೆ ಮೀರಿದ ಕಲ್ಲು, 600ರವರೆಗೆ ದೊಡ್ಡ ಕಲ್ಲು, ಅದರಾಚೆ ಗುಂಡು. ವರ್ಗೀಕರಣದಲ್ಲಿ ಬೇಕಾಗುವುದು ಕಲ್ಲಿನ ತೂಕ ಅಲ್ಲ, ಅದು ಹಿಡಿದ ಜಾಗ. ಈ ಒಂದು ಮಾತು ಮರೆತು ತಕ್ಕಡಿ ನೋಡಿ ಶೇಕಡ ಬರೆಯುವವರೇ ಜಾಸ್ತಿ.

ನಾನು ಮಾಡುವ ಕ್ರಮ ಹೀಗೆ. ಬೇಕಾದ ಪದರದಲ್ಲಿ ಒಂದು ಸಮತಟ್ಟಾದ ಮೆಟ್ಟಿಲು ಕಡಿಯಿರಿ. ಅದರ ಮೇಲೆ ಸುಮಾರು 30 ಸೆಂ.ಮೀ. ಉದ್ದ, 30 ಅಗಲ, 20 ಆಳದ ಚಿಕ್ಕ ಕುಳಿ ತೆಗೆಯಿರಿ. ಬಂದದ್ದನ್ನೆಲ್ಲ, ಒಂದು ಹರಳೂ ಬಿಡದೆ, ಬಕೆಟಿಗೆ ಹಾಕಿ. ಕುಳಿಯ ಬದಿಯಲ್ಲಿ ಚಾಚಿದ ಕಲ್ಲು ಅರ್ಧಕ್ಕಿಂತ ಹೆಚ್ಚು ಒಳಗಿದ್ದರೆ ಕಿತ್ತು ತೆಗೆಯಿರಿ, ಇಲ್ಲದಿದ್ದರೆ ಬಿಡಿ. ಈಗ ತೆಳ್ಳಗಿನ ಪ್ಲಾಸ್ಟಿಕ್ ಹಾಳೆಯನ್ನು ಕುಳಿಗೆ ಹಾಸಿ, ಮೂಲೆ ಮೂಲೆಗೂ ಅಂಟುವ ಹಾಗೆ ಒತ್ತಿ. ಲೀಟರ್ ಮಗ್ಗಿನಲ್ಲಿ ಅಳೆದು ಅಂಚಿನವರೆಗೆ ನೀರು ತುಂಬಿ. ಎಷ್ಟು ಲೀಟರ್ ಹಿಡಿಯಿತೋ ಅದೇ ಕುಳಿಯ ಗಾತ್ರ. ದಪ್ಪ ತಾಡಪಾಲು ಹಾಸಿದರೆ ಮಡಿಕೆ ನಿಂತು ಲೆಕ್ಕ ತಪ್ಪುತ್ತದೆ.

ಕೆಲವರು ಉಕ್ಕಿನ ಕೊಳವೆ ಬಡಿದು ಮಣ್ಣು ತೆಗೆಯಲು ಹೋಗುತ್ತಾರೆ. ಗದ್ದೆಗೆ ಅದು ಸರಿ. ಇಲ್ಲಿ ಕೊಳವೆಯ ಬಾಯಿ ಮಡಚುತ್ತದೆ, ಇಲ್ಲವೇ ಕಲ್ಲಿಲ್ಲದ ಜಾಗ ಹುಡುಕಿ ಬಡಿಯುವಂತಾಗುತ್ತದೆ. ಎರಡರಿಂದಲೂ ಸರಿಯಾದ ಅಂಕಿ ಸಿಗದು.

ಬಕೆಟಿನ ಮಣ್ಣನ್ನು ನೆರಳಲ್ಲಿ ಒಣಗಿಸಿ, 2 ಮಿ.ಮೀ. ದುಂಡು ತೂತಿನ ಜರಡಿಯಲ್ಲಿ ಹಿಡಿಯಿರಿ. ಗಾರೆ ಕೆಲಸದ ಮರಳು ಜರಡಿ ಬೇಡ, ತೂತು ದೊಡ್ಡದು. ಸೊಳ್ಳೆ ಪರದೆಯ ಜಾಲರಿಯೂ ಬೇಡ, ತೂತು ಚಿಕ್ಕದು. ಅಂಗಡಿಯಲ್ಲಿ ‘ಮಣ್ಣಿನ ಜರಡಿ’ ಎಂದು ಮಾರುವ ಪ್ಲಾಸ್ಟಿಕ್ ಬುಟ್ಟಿಗಳಲ್ಲಿ ಎರಡು ತೂತು ಒಂದೇ ಅಳತೆಯಲ್ಲಿ ಇರುವುದಿಲ್ಲ. ಸ್ವಲ್ಪ ಹಣ ಹೆಚ್ಚಾದರೂ ಸ್ಟೀಲಿನದ್ದೇ ಕೊಳ್ಳಿ.

ಹೆಂಟೆ ಒಡೆಯಲು ಮರದ ಕೊಡತಿ ಸಾಕು, ಮೆಲ್ಲಗೆ. ಕಬ್ಬಿಣದ ಕುಟ್ಟಾಣಿಯಲ್ಲಿ ಜೋರಾಗಿ ಕುಟ್ಟಿದರೆ ಜಂಬಿಟ್ಟಿಗೆಯ ಹರಳೂ ಪುಡಿಯಾಗಿ ‘ಮಣ್ಣು’ ಸೇರುತ್ತದೆ. ಇಲ್ಲದ ಜೇಡಿ, ಇಲ್ಲದ ಕಬ್ಬಿಣ ವರದಿಯಲ್ಲಿ ಕಾಣುವುದು ಹೀಗೆಯೇ. ಯಾವುದು ಹೆಂಟೆ, ಯಾವುದು ಕಲ್ಲು ಎಂಬ ಅನುಮಾನ ಬಂದರೆ ಒಣಗಿದ ಚೂರನ್ನು ರಾತ್ರಿ ನೀರಿನಲ್ಲಿ ಹಾಕಿ. ಬೆಳಿಗ್ಗೆಗೆ ಬಿಚ್ಚಿಕೊಂಡರೆ ಮಣ್ಣು. ಹಾಗೇ ಗಟ್ಟಿಯಾಗಿದ್ದರೆ ಕಲ್ಲು.

ಜರಡಿಯ ಮೇಲೆ ಉಳಿದ ಕಲ್ಲನ್ನು ಬ್ರಷ್‌ನಿಂದ ಉಜ್ಜಿ ತೂಗಿ. ಆಮೇಲೆ ರಾತ್ರಿಯಿಡೀ ನೆನೆಹಾಕಿ. ಜಂಬಿಟ್ಟಿಗೆ ನೀರು ಕುಡಿಯುವ ಕಲ್ಲು. ನೆನೆಸದೆ ಅಳೆದರೆ ಅದು ಕುಡಿದ ನೀರು ಲೆಕ್ಕಕ್ಕೆ ಬರುವುದಿಲ್ಲ. ನೆನೆದ ಕಲ್ಲಿನ ಮೈ ಬಟ್ಟೆಯಲ್ಲಿ ಒರೆಸಿ, ಅಂಚಿನವರೆಗೆ ನೀರು ತುಂಬಿದ ಪಾತ್ರೆಯೊಳಗೆ ಒಂದೊಂದಾಗಿ ಬಿಡಿ. ಚೆಲ್ಲಿದ ನೀರನ್ನು ಹಿಡಿದು ಅಳೆಯಿರಿ. ಅದು ಕಲ್ಲಿನ ಗಾತ್ರ.

ಒಂದು ಉದಾಹರಣೆ. ಕುಳಿ 18 ಲೀಟರ್ ಹಿಡಿಯಿತು. ಕಲ್ಲು 18 ಕೆ.ಜಿ., ಜರಡಿ ಹಿಡಿದ ಮಣ್ಣು 12 ಕೆ.ಜಿ. ಕಲ್ಲು ಹೊರಗೆ ಚೆಲ್ಲಿದ ನೀರು 6.8 ಲೀಟರ್. ತೂಕದಲ್ಲಿ ಕಲ್ಲು ಶೇ 60. ಜಾಗದಲ್ಲಿ ಶೇ 38. ಎಷ್ಟು ವ್ಯತ್ಯಾಸ ನೋಡಿ. ಬರೆಯಬೇಕಾದ್ದು 38.

ಹೊತ್ತೊಯ್ಯಲಾಗದ ದೊಡ್ಡ ಕಲ್ಲುಗಳಿದ್ದರೆ ಗೋಡೆಯ ಮೇಲೆ 10 ಸೆಂ.ಮೀ.ಗೆ ಒಂದರಂತೆ ಅಡ್ಡ, ಉದ್ದ ದಾರ ಕಟ್ಟಿ. ದಾರಗಳು ಕೂಡುವ ನೂರು ಕಡೆಗಳಲ್ಲಿ ಎಷ್ಟರ ಕೆಳಗೆ ಕಲ್ಲಿದೆ ಎಂದು ಎಣಿಸಿ. ಅದೇ ಶೇಕಡ. ಕಣ್ಣಂದಾಜು ಬೇಡ. ಕಣ್ಣು ಮಣ್ಣಿಗಿಂತ ಕಲ್ಲನ್ನೇ ಹೆಚ್ಚು ನೋಡುತ್ತದೆ.

ಈ 38 ಏನು ಮಾಡುತ್ತದೆ? 75 ಸೆಂ.ಮೀ. ಆಳದ ಮಣ್ಣು ತನ್ನ ಗಾತ್ರದ ಶೇ 12ರಷ್ಟು ನೀರನ್ನು ಗಿಡಕ್ಕೆ ಕೊಡುತ್ತದೆ ಎಂದುಕೊಳ್ಳಿ. ಕಲ್ಲಿಲ್ಲದಿದ್ದರೆ 90 ಮಿ.ಮೀ. ಶೇ 38 ಕಲ್ಲಿದ್ದರೆ ಹತ್ತಿರಹತ್ತಿರ 56. ಬೇಸಿಗೆಯಲ್ಲಿ ದಿನಕ್ಕೆ 4 ಮಿ.ಮೀ. ಖರ್ಚಾದರೆ ಮೊದಲನೆಯದು 22 ದಿನ ಬರುತ್ತದೆ, ಎರಡನೆಯದು 14 ದಿನ. ಆ ಸಸಿಗಳು ಬಾಡಿದ್ದು ಈ ಎಂಟು ದಿನಗಳಲ್ಲಿ. ಗೊಬ್ಬರದ ಲೆಕ್ಕವೂ ಹಾಗೇ. ಒಂದು ಎಕರೆಯ 15 ಸೆಂ.ಮೀ. ಆಳದಲ್ಲಿ 9 ಲಕ್ಷ ಕೆ.ಜಿ. ಮಣ್ಣಿದೆ ಎಂದು ಹಿಡಿದು ಶಿಫಾರಸು ಬರೆಯುತ್ತಾರೆ. ಮೇಲಿನ ಉದಾಹರಣೆಯ ಪದರದಲ್ಲಿ ಇರುವುದು ಸುಮಾರು 4 ಲಕ್ಷ.

ಕೈಯಲ್ಲಿ ಹಿಸುಕಿ ನೋಡುವುದು

ಜರಡಿ ಹಿಡಿದ ಮಣ್ಣನ್ನು ಒದ್ದೆ ಮಾಡಿ ಹೆಬ್ಬೆರಳಿನಿಂದ ನವಿರಾಗಿ ಒತ್ತಿ ಪಟ್ಟಿ ಎಳೆಯಿರಿ. 2.5 ಸೆಂ.ಮೀ. ಒಳಗೆ ಮುರಿದರೆ ಗೋಡು, 5ರವರೆಗೆ ಬಂದರೆ ಜೇಡಿಗೋಡು, ಅದಕ್ಕೂ ಉದ್ದ ಬಂದರೆ ಜೇಡಿ. ಇಲ್ಲಿ ಒಂದು ಮೋಸ ಇದೆ. ಕೆಂಪು ಮಣ್ಣಿನ ಜೇಡಿ ಕಬ್ಬಿಣದ ಅಂಟಿನಿಂದ ಸಣ್ಣ ಸಣ್ಣ ಕಾಳಾಗಿ ಕೂತಿರುತ್ತದೆ. ಮೊದಲು ಮುಟ್ಟಿದಾಗ ಮರಳಿನ ಹಾಗೆ ಅನ್ನಿಸುತ್ತದೆ. ಎರಡು ನಿಮಿಷವಾದರೂ ನಾದಿ, ಚಪಾತಿ ಹಿಟ್ಟಿನ ಹಾಗೆ. ಆಗ ಕಾಳು ಒಡೆದು ನಿಜವಾದ ಜಿಗುಟು ಬರುತ್ತದೆ.

ರಸಸಾರ (ಪಿಎಚ್) ಅಳೆಯಲು ಒಂದು ಪಾಲು ಮಣ್ಣು, ಎರಡೂವರೆ ಪಾಲು ಶುದ್ಧ ನೀರು. ನೆಲಕ್ಕೆ ಚುಚ್ಚುವ ಅಗ್ಗದ ಕಡ್ಡಿ ಮೀಟರ್ ಗರಸಿನಲ್ಲಿ ಮಣ್ಣಿಗೆ ಸರಿಯಾಗಿ ತಾಗುವುದೇ ಇಲ್ಲ. ಅದನ್ನು ನಂಬಿ ಸುಣ್ಣ ಹಾಕಬೇಡಿ.

ಹೆಸರು ಕೊಡುವುದು

ನಮ್ಮ ದೇಶದ ಮಣ್ಣು ಸಮೀಕ್ಷೆಗಳು ಹೆಚ್ಚಾಗಿ ಅಮೆರಿಕದ ‘ಸಾಯಿಲ್ ಟ್ಯಾಕ್ಸಾನಮಿ’ ಪದ್ಧತಿಯನ್ನು ಬಳಸುತ್ತವೆ. ಅದರಲ್ಲಿ 12 ಗಣಗಳಿವೆ. ನಮ್ಮ ಬೆಟ್ಟಕ್ಕೆ ಸಾಮಾನ್ಯವಾಗಿ ನಾಲ್ಕನ್ನು ನೋಡಿದರೆ ಸಾಕು.

ಕೆಳಗಿನ ಪದರದಲ್ಲಿ ಜೇಡಿ ಇಳಿದು ಕೂತಿದೆಯೇ? ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಹೆಂಟೆಯ ಮೈ, ಬೇರಿನ ತೂತು, ಕಲ್ಲಿನ ತಳ ನೋಡಿ. ಮೇಣ ಬಳಿದಂಥ ಹೊಳಪು ಕಂಡರೆ ಅದು ಜೇಡಿಯ ಪೊರೆ. ಮೇಲಿನ ಪದರದಲ್ಲಿ ಜೇಡಿ ಶೇ 15ರಿಂದ 40ರ ನಡುವೆ ಇದ್ದರೆ, ಕೆಳಗೆ ಅದರ 1.2 ಪಟ್ಟಾದರೂ ಇರಬೇಕು. ಎರಡೂ ಕೂಡಿದರೆ ಆಲ್ಫಿಸಾಲ್ ಅಥವಾ ಅಲ್ಟಿಸಾಲ್. ಇವೆರಡನ್ನು ಗುಂಡಿಯಲ್ಲಿ ನಿಂತು ಬೇರೆ ಮಾಡಲಾಗದು, ಪ್ರಯೋಗಾಲಯವೇ ಬೇಕು. ಆಳದ ಮಣ್ಣಿನ ಪ್ರತ್ಯಾಮ್ಲ ತೃಪ್ತತೆ (ಮಣ್ಣಿನ ಹಿಡಿತದಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂನಂಥವುಗಳ ಪಾಲು) ಶೇ 35ಕ್ಕಿಂತ ಕಡಿಮೆ ಇದ್ದರೆ ಅಲ್ಟಿಸಾಲ್, ಇಲ್ಲದಿದ್ದರೆ ಆಲ್ಫಿಸಾಲ್. ಪೊರೆ ಇಲ್ಲ, ಆದರೆ ಬಣ್ಣ, ಹೆಂಟೆ ಕಟ್ಟುವಿಕೆ ಬದಲಾಗಿದೆ ಎಂದಾದರೆ ಇನ್ಸೆಪ್ಟಿಸಾಲ್. ಏನೂ ಬದಲಾಗದೆ ಬಂಡೆಯ ಮೇಲೆ ತೆಳ್ಳಗೆ ಕೂತಿದ್ದರೆ ಎಂಟಿಸಾಲ್. 50 ಸೆಂ.ಮೀ. ಒಳಗೆ ಗಟ್ಟಿ ಬಂಡೆ ಸಿಕ್ಕರೆ ‘ಲಿಥಿಕ್’ ಎಂದು ಸೇರಿಸಿ.

ಕಷ್ಟಪಟ್ಟು ಅಳೆದ ಕಲ್ಲಿನ ಅಂಕಿ ಈಗ ಬೇಕು. ಗೊತ್ತುಮಾಡಿದ ಆಳದ ಭಾಗದಲ್ಲಿ ಕಲ್ಲು ಹಿಡಿದ ಜಾಗ ಶೇ 35 ಅಥವಾ ಹೆಚ್ಚಿದ್ದರೆ ಹೆಸರಿಗೆ ‘ಸ್ಕೆಲಿಟಲ್’ ಸೇರುತ್ತದೆ. ಜರಡಿ ಹಿಡಿದ ಮಣ್ಣಿನಲ್ಲಿ ಜೇಡಿ ಶೇ 35 ಅಥವಾ ಹೆಚ್ಚಿದ್ದರೆ ಕ್ಲೇಯಿ ಸ್ಕೆಲಿಟಲ್, ಅದಕ್ಕಿಂತ ಕಡಿಮೆಯಾದರೆ ಲೋಮಿ ಸ್ಕೆಲಿಟಲ್. ಯಾವ ಆಳ? ಜೇಡಿ ಇಳಿದ ಪದರ ಇದ್ದರೆ ಆ ಪದರದ ಮೇಲಿನ 50 ಸೆಂ.ಮೀ. ಅದಿಲ್ಲದ ಆಳದ ಮಣ್ಣಾದರೆ 25ರಿಂದ 100 ಸೆಂ.ಮೀ. ನೆಲದ ಮೇಲೆ ಹರಡಿದ ಕಲ್ಲು ನೋಡಿ ಸ್ಕೆಲಿಟಲ್ ಎಂದು ಬರೆಯುವುದು ತಪ್ಪು.

ಅಂತರರಾಷ್ಟ್ರೀಯ ಪದ್ಧತಿಯಾದ ಡಬ್ಲ್ಯುಆರ್‌ಬಿಯಲ್ಲಿ (ವರ್ಲ್ಡ್ ರೆಫರೆನ್ಸ್ ಬೇಸ್) ‘ಸ್ಕೆಲಿಟಿಕ್’ ಎನ್ನಲು ಶೇ 40 ಬೇಕು. ನಮ್ಮ 38 ಅಲ್ಲಿ ಸಲ್ಲುವುದಿಲ್ಲ. ಯಾವ ಪದ್ಧತಿ ಎಂದು ಹಾಳೆಯ ತಲೆಯಲ್ಲೇ ಬರೆದಿಡಿ.

‘ಲ್ಯಾಟರೈಟ್’ ಎಂಬ ಪದವನ್ನು ಮಣ್ಣಿನ ವರ್ಗದ ಹೆಸರಾಗಿ ಬರೆಯಬೇಡಿ. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಆ ಪದ ಕೊಟ್ಟದ್ದು ಕೇರಳದ ಅಂಗಾಡಿಪುರಂನಲ್ಲಿ ನೋಡಿದ, ಕಡಿದು ಇಟ್ಟಿಗೆ ಮಾಡುವ ಕಲ್ಲಿಗೆ. ನಮ್ಮ ಚಿರೆಕಲ್ಲು, ಕರಾವಳಿಯ ಮುರಕಲ್ಲು ಅದೇ. ಅದು ಕಲ್ಲಿನ ಹೆಸರು. ಅದರ ಚೂರು ತುಂಬಿದ ಮಣ್ಣು ಅಲ್ಟಿಸಾಲ್ ಆಗಬಹುದು, ಇನ್ಸೆಪ್ಟಿಸಾಲೂ ಆಗಬಹುದು.

ಕಳಿಸುವುದು, ಮುಚ್ಚುವುದು

ಪ್ರತಿ ಪದರದಿಂದ ಜರಡಿ ಹಿಡಿದ ಅರ್ಧ ಕೆ.ಜಿ. ಮಣ್ಣನ್ನು ಬಟ್ಟೆಯ ಚೀಲದಲ್ಲಿ ಕಳಿಸಿ. ಚೀಟಿಯಲ್ಲಿ ಆಳದ ಜೊತೆಗೆ ಕಲ್ಲಿನ ಶೇಕಡವನ್ನೂ ಬರೆಯಿರಿ, ‘ಜಾಗದ ಲೆಕ್ಕ’ ಎಂದು ಬಿಡಿಸಿ ಬರೆಯಿರಿ. ವರದಿ ಬಂದ ಮೇಲೆ ಆ ಚೀಟಿಯ ನಕಲನ್ನು ಅದಕ್ಕೇ ಪಿನ್ ಮಾಡಿ.

ಗುಂಡಿ ಅದೇ ದಿನ ಮುಚ್ಚಿ. ರಾತ್ರಿ ದನವೋ ಕಾಡುಪ್ರಾಣಿಯೋ ಬೀಳುತ್ತದೆ. ಮೊದಲು ಕೆಳಗಿನ ಕೆಂಪು ಮಣ್ಣು, ತುಳಿದು ಗಟ್ಟಿ ಮಾಡಿ, ಆಮೇಲೆ ಮೇಲಿನ ಕಪ್ಪು ಮಣ್ಣು, ಕೊನೆಗೆ ದರಕು.